ಗುಂಡಗುರ್ತಿಗೆ ಒಯ್ದ ಲೆನ್ಸು

ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ನಿಂತ ನನ್ನನ್ನೇ "ಫೋಟೋದವ್ರು ಯಾವಾಗ ಬರ್ತಾರ್ರಿ?" ಎಂದು ಕೇಳುವ ಸೀಮೆಯಲ್ಲಿ ನಾನು ಫೋಟೋ ತೆಗೆಯುತ್ತೇನೆ. ಅಂಗಡಿ ಚಿತ್ತಾಪುರದಲ್ಲಿ. ಕೆಲಸ ಸಿಕ್ಕರೆ ವಾಡಿ, ಸೇಡಂ, ಶಹಾಬಾದ, ಒಮ್ಮೊಮ್ಮೆ ಚಿಂಚೋಳಿಯವರೆಗೂ ಬಸ್ಸು ಹತ್ತುತ್ತೇನೆ. ಮೊದಮೊದಲು "ನಾನೇ ಫೋಟೋದಾಕಿ" ಎಂದು ನಗುತ್ತಿದ್ದೆ. ಬರಬರುತ್ತ ನಗು ಹೋಗಿ ಸಿಟ್ಟು ಉಳಿಯಿತು. ಆ ಸಿಟ್ಟು ತಲೆಗೇರಿದ್ದಾಗ ಒಂದು ಲೆನ್ಸು ಕೊಂಡೆ. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಲೆನ್ಸು ಕೊಂಡೆ.

ನನ್ನದು ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಕೊಳ್ಳುವ ಡಿಜಿಟಲ್ ಕ್ಯಾಮೆರಾ. ಪೆಟ್ಟಿಗೆಯಲ್ಲಿ ಅದರ ಜೊತೆಗೇ ಬಂದ ಹದಿನೆಂಟು-ಐವತ್ತೈದು ಮಿಲಿಮೀಟರಿನ ಲೆನ್ಸು ಬಿಟ್ಟರೆ ಬೇರೆ ಇರಲಿಲ್ಲ. ಹದಿನೆಂಟಕ್ಕೆ ಇಟ್ಟರೆ ಕೋಣೆಯೆಲ್ಲ ಒಳಗೆ ಬರುತ್ತದೆ, ಐವತ್ತೈದಕ್ಕೆ ತಿರುಗಿಸಿದರೆ ಒಬ್ಬರ ಮುಖ ತುಂಬಿಕೊಳ್ಳುತ್ತದೆ. ಅದರಲ್ಲೇ ಎರಡು ವರ್ಷ ದೂಡಿದೆ. ಶಹಾಬಾದದಲ್ಲಿ ಕಲ್ಲು ಕೊಯ್ಯುವ ಮಷಿನ್ನುಗಳ ಅಂಗಳದಲ್ಲಿ ಎರಡು ದಿನ ಕೆಲಸ ಮಾಡಿ ಬಂದ ಮೇಲೆ ಅದರ ಉಂಗುರ ತಿರುಗಿಸಿದರೆ ಕರ್ ಕರ್ ಅನ್ನತೊಡಗಿತು. ಕಲ್ಲಿನ ಪುಡಿ ಒಳಗೆ ಹೋಗಿತ್ತು. ಒಮ್ಮೊಮ್ಮೆ ಫೋಕಸ್ ಹುಡುಕುತ್ತ ಹುಡುಕುತ್ತ ನಿಂತೇ ಬಿಡುತ್ತಿತ್ತು. ಇನ್ನೊಂದು ಲೆನ್ಸು ಕೊಳ್ಳಲೇಬೇಕಾಯಿತು, ಕೊಳ್ಳುವ ಶಕ್ತಿ ಇದ್ದದ್ದು ಒಂದಕ್ಕೆ ಮಾತ್ರ.

ಯಾವುದೆಂದು ತೀರ್ಮಾನಿಸಲು ನಾನು ಯಾರನ್ನೂ ಕೇಳಲಿಲ್ಲ. ಈ ಅಂಗಡಿ ಇಡುವ ಮುಂಚೆ ಶಹಾಬಾದದ ಒಂದು ಸ್ಟುಡಿಯೋದಲ್ಲಿ ಆಲ್ಬಂ ಕೂರಿಸುವ ಕೆಲಸ ಮಾಡಿದವಳು ನಾನು, ಕಂಪ್ಯೂಟರ್ ನನಗೆ ಹೊಸದಲ್ಲ. ಪ್ರತಿ ಫೋಟೋದ ಫೈಲಿನಲ್ಲಿ ಅದನ್ನು ಎಷ್ಟರ ಅಳತೆಗೆ ಇಟ್ಟು ತೆಗೆದದ್ದು ಎಂಬುದು ಬರೆದಿರುತ್ತದೆ. ನನ್ನ ಹಳೆಯ ಫೋಟೋಗಳನ್ನೆಲ್ಲ ತೆರೆದು ಅದನ್ನೇ ನೋಡುತ್ತ ಹೋದೆ. ತೊಟ್ಟಿಲು, ಬಸುರಿಯರ ಕುಬಸ, ನಿಶ್ಚಿತಾರ್ಥ, ಗೃಹಪ್ರವೇಶ ಎಲ್ಲ ಮನೆಯೊಳಗಿನ ಕೆಲಸ. ಗಿರಾಕಿಗಳು ಆಲ್ಬಮ್ಮಿಗೆ ಆರಿಸಿಕೊಂಡ ಫೋಟೋಗಳಲ್ಲಿ ಹೆಚ್ಚಿನವು ಮೂವತ್ತೈದರ ಆಸುಪಾಸಿನವು.

ಅಷ್ಟಕ್ಕೇ ಬಿಡದೆ ಪರೀಕ್ಷೆಯನ್ನೂ ಮಾಡಿದೆ. ಲೆನ್ಸನ್ನು ಐವತ್ತಕ್ಕೆ ಇಟ್ಟು, ಉಂಗುರ ಅಲುಗದಂತೆ ಗಾಯದ ಪಟ್ಟಿ ಸುತ್ತಿ, ಒಂದು ವಾರ ಹಾಗೆಯೇ ಕೆಲಸ ಮಾಡಿದೆ. ನಮ್ಮ ಕಡೆಯ ಕಲ್ಲುಮನೆಗಳ ಕೋಣೆಗಳಲ್ಲಿ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ಬಡಿಯಿತು, ಆದರೂ ಇಬ್ಬರಿಗಿಂತ ಹೆಚ್ಚು ಮಂದಿ ಒಳಗೆ ಹಿಡಿಯಲಿಲ್ಲ. ಮರುವಾರ ಮೂವತ್ತೈದಕ್ಕೆ ಪಟ್ಟಿ ಸುತ್ತಿದೆ, ಎಲ್ಲಿಯೂ ತೊಂದರೆಯಾಗಲಿಲ್ಲ. ಮೂವತ್ತೈದರ ಒಂದೇ ಅಳತೆಯ ಪುಟ್ಟ ಲೆನ್ಸೊಂದು ಸಿಗುತ್ತದೆ. ಜೂಮ್ ಇರುವುದಿಲ್ಲ, ಹತ್ತಿರ ದೂರ ಬೇಕಾದರೆ ನಾವೇ ನಡೆಯಬೇಕು. ಆದರೆ ಅದರ ಕಣ್ಣು ದೊಡ್ಡದು, ಒಂದು ಪಾಯಿಂಟ್ ಎಂಟರವರೆಗೆ ತೆರೆಯುತ್ತದೆ. ಈ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಕಿಟಕಿಯಿಲ್ಲದ ಕೋಣೆಯಲ್ಲಿ ಫ್ಲ್ಯಾಶ್ ಇಲ್ಲದೆ ಮುಖ ತೆಗೆಯಬಹುದು. ಅದನ್ನೇ ಕೊಳ್ಳುವುದೆಂದು ಚೀಟಿಯಲ್ಲಿ ಬರೆದುಕೊಂಡು ಕಲಬುರಗಿಯ ಕ್ಯಾಮೆರಾ ಅಂಗಡಿಗೆ ಹೋದೆ.

ನನ್ನ ಹಳೆಯ ಸ್ಟುಡಿಯೋದ ಮಾಲೀಕರು ಅಂದು ಏನೋ ಕೊಳ್ಳಲು ಅದೇ ಅಂಗಡಿಗೆ ಬಂದಿದ್ದರು. ಅವರನ್ನು ನಾವೆಲ್ಲ ಉಸ್ತಾದರು ಅನ್ನುತ್ತೇವೆ. ಕೌಂಟರಿನ ಮೇಲೆ ಇಟ್ಟಿದ್ದ ಮೂವತ್ತೈದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೇನವ್ವ, ಸುಣ್ಣದ ಡಬ್ಬಿ ಇದ್ದಂಗ ಅದಲ್ಲ. ಇದು ಹಿಡ್ಕೊಂಡು ಮದವಿಗಿ ಹೋದ್ರ ಯಾರು ದಾರಿ ಬಿಡ್ತಾರ ನಿನಗ?"

"ಮನಿಯೊಳಗಿನ ಕೆಲಸಕ್ಕ ಇದೇ ಬರೋಬ್ಬರಿ ಆಗ್ತದ್ರಿ ಉಸ್ತಾದ್. ನೋಡೇ ಬಂದೀನಿ."

"ಕೆಲಸ ಆಮ್ಯಾಲ ಮಾತು. ಮಂದಿ ಮೊದಲ ಲೆನ್ಸ್ ನೋಡ್ತಾರ, ಆಮ್ಯಾಲ ಮಾರಿ ನೋಡ್ತಾರ. ಅದ್ರಾಗ ನೀ ಹೆಣ್ಮಗಳು. ಉದ್ದಂದು ಹಾಕ್ಕೊಂಡು ನೋಡು ಒಮ್ಮಿ."

ಅಂಗಡಿಯವನು ಐವತ್ತೈದರಿಂದ ಇನ್ನೂರೈವತ್ತರ ಉದ್ದನೆಯ ಲೆನ್ಸು ತೆಗೆದು ನನ್ನ ಕ್ಯಾಮೆರಾಕ್ಕೆ ಸಿಕ್ಕಿಸಿ ಕೊಟ್ಟ. ಕೈ ಜಗ್ಗಿತು. ಕೌಂಟರಿನ ಹಿಂದೆ ಕನ್ನಡಿಯಿತ್ತು, ಅದರಲ್ಲಿ ನನ್ನನ್ನು ನೋಡಿಕೊಂಡೆ. ಇನ್ನು ಮೇಲೆ ನನ್ನನ್ನು ಯಾರೂ "ಫೋಟೋದವ್ರು ಎಲ್ಲ್ಯಾರ" ಎಂದು ಕೇಳುವುದಿಲ್ಲ ಅನ್ನಿಸಿತು. ಬೆಳಕು ಕಮ್ಮಿ ಹೀರುತ್ತದೆ, ಐವತ್ತೈದಕ್ಕಿಂತ ಕೆಳಗೆ ಬರುವುದಿಲ್ಲ, ಕೋಣೆಯಲ್ಲಿ ಕೆಲಸಕ್ಕೆ ಬಾರದು ಎಂಬುದೆಲ್ಲ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಕಟ್ಟಿಸಿಕೊಂಡೆ. ಆಮೇಲೆ ಎಷ್ಟೋ ದಿನ ಮನಸ್ಸಿನಲ್ಲೇ ಉಸ್ತಾದರನ್ನು ಬೈದಿದ್ದೇನೆ. ಆದರೆ ಅವರು ನನ್ನ ಕೈ ಹಿಡಿದು ಕೊಡಿಸಲಿಲ್ಲ, ಆರಿಸಿದವಳು ನಾನೇ.

ಒಂದು ತಿಂಗಳು ಹಿಗ್ಗೋ ಹಿಗ್ಗು. ಸೇಡಂನ ಒಂದು ಮದುವೆಯಲ್ಲಿ ಹುಡುಗರು ತಾವಾಗಿಯೇ ಸರಿದು ದಾರಿ ಬಿಟ್ಟರು, ಹಿರಿಯರೊಬ್ಬರು "ಟಿವಿಯವ್ರೇನ್ರಿ?" ಎಂದು ಕೇಳಿದರು. ಮಂಟಪದ ಕೊನೆಯಲ್ಲಿ ನಿಂತು ವೇದಿಕೆಯ ಮೇಲಿನ ಮದುಮಗಳ ಮೂಗುತಿ ತೆಗೆದೆ. ಮನೆಯೊಳಗಿನ ಕೆಲಸಕ್ಕೆ ಕರ್ ಕರ್ ಅನ್ನುವ ಹಳೆಯ ಲೆನ್ಸನ್ನೇ ಓಡಿಸುತ್ತಿದ್ದೆ.

ಒಂದು ದಿನ ಬೆಳಗ್ಗೆ ಗುಂಡಗುರ್ತಿಯಿಂದ ಫೋನ್ ಬಂತು. "ಅಕ್ಕೋರ, ನಮ್ಮಕ್ಕ ತೀರ್ಕೊಂಡಾಳ್ರಿ. ಕುಂದರಿಸೀವಿ. ಮಣ್ಣು ಮೂರು ಗಂಟಿಗಿ ಅದ, ಜಲ್ದಿ ಬರ್ರಿ."

ನಮ್ಮ ಕಡೆ ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಹಾಗೆ ಕೂತಾಗ ತೆಗೆಯುವ ಫೋಟೋ ಮುಂದೆ ಮನೆಯ ಗೋಡೆಗೆ ಏರುತ್ತದೆ. ಬದುಕಿದ್ದಾಗ ಒಂದು ಒಳ್ಳೆಯ ಫೋಟೋ ತೆಗೆಸಿಕೊಳ್ಳದ ಹೆಂಗಸರೇ ಹೆಚ್ಚು, ಹಾಗಾಗಿ ಎಷ್ಟೋ ಮನೆಗಳಲ್ಲಿ ಅದೊಂದೇ ಫೋಟೋ ಉಳಿಯುವುದು. ಎರಡು ಲೆನ್ಸನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಫೋನ್ ಮಾಡಿದವರು ತೀರಿಕೊಂಡವಳ ತಮ್ಮ. ತೀರಿಕೊಂಡವಳಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಮೊದಲೇ ತೀರಿಕೊಂಡಿದ್ದ. ಒಬ್ಬಳೇ ಮಗಳು, ಸೇಡಂನಲ್ಲಿ ನರ್ಸಿಂಗ್ ಓದುವ ಹುಡುಗಿ. ನಾನು ಅಂಗಳಕ್ಕೆ ಕಾಲಿಡುತ್ತಲೇ ಆ ಹುಡುಗಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು.

"ಅಕ್ಕೋರ, ನನ್ನ ಬಲ್ಲಿ ಅವ್ವಂದು ಒಂದೂ ಫೋಟೋ ಇಲ್ರಿ. ವಾಡಿ ಸ್ಟೇಷನ್ನಾಗ ಮೊಬೈಲ್ ಕಳುವಾತು, ಎಲ್ಲಾ ಅದರಾಗೇ ಇದ್ವು. ಆಧಾರ್ ಕಾರ್ಡಿನಾಗ ಇರೋದು ನಮ್ಮವ್ವನಂಗೇ ಇಲ್ರಿ. ನಿದ್ದಿ ಮಾಡಿದಂಗ ಬರ್ಲಿ, ಅಷ್ಟೇ ಸಾಕ್ರಿ."

"ಬರ್ತದವ್ವ, ನೀ ಕಾಳಜಿ ಮಾಡಬ್ಯಾಡ" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಕೋಣೆ ಎಂಟು ಅಡಿ ಅಗಲವಿದ್ದರೆ ಹೆಚ್ಚು. ಒಂದು ಕಡೆ ಜೋಳದ ಚೀಲಗಳು, ಮೇಲೆ ಅಂಗೈಯಷ್ಟು ಬೆಳಕಿಂಡಿ. ಕರೆಂಟ್ ಇರಲಿಲ್ಲ. ಹಳೆಯ ಲೆನ್ಸು ಹಾಕಿ ಹದಿನೆಂಟಕ್ಕೆ ತಿರುಗಿಸಿದೆ. ಫೋಕಸ್ ಮುಂದೆ ಹೋಯಿತು, ಹಿಂದೆ ಬಂತು, ಗೊರಕ್ ಅಂದು ನಿಂತಿತು. ಬಿಚ್ಚಿ ಹಾಕಿದೆ, ಕೈಯಿಂದ ಉಂಗುರ ತಿರುಗಿಸಿ ನೋಡಿದೆ, ಕದಲಲಿಲ್ಲ. ಬೇರೆ ದಾರಿಯಿಲ್ಲದೆ ಉದ್ದನೆಯ ಲೆನ್ಸನ್ನು ಹೊರತೆಗೆದೆ.

ಅದನ್ನು ನೋಡಿದ್ದೇ ತಡ ಮಂದಿ ಸರಿದು ಜಾಗ ಬಿಟ್ಟರು. ಮೂಲೆಯಲ್ಲಿ ಇಬ್ಬರು ಮೂವರು ಮೊಬೈಲ್ ಎತ್ತಿ ಫೋಟೋ ತೆಗೆಯಲು ಹೊರಟಿದ್ದರು. "ಮೊಬೈಲ್ ಎಲ್ಲಾ ಒಳಗಿಡ್ರಿ, ನನಗ ಅಡ್ಡ ಬರ್ತಾವ. ನಾ ತೆಗಿತೀನಲ್ಲ" ಎಂದು ಗದರಿದೆ. ಲೆನ್ಸಿನ ಉದ್ದಕ್ಕೆ ತಕ್ಕ ದನಿ ನನಗೂ ಬಂದಿತ್ತು. ಎಲ್ಲರೂ ತುಟಿ ಪಿಟಕ್ಕೆನ್ನದೆ ಒಳಗಿಟ್ಟರು.

ಬೆನ್ನನ್ನು ಜೋಳದ ಚೀಲಕ್ಕೆ ಒತ್ತಿ ನಿಂತರೂ ತಲೆಯಿಂದ ಎದೆಯವರೆಗೆ ಮಾತ್ರ ಹಿಡಿಯಿತು. ಮುಖ ಬಂದರೆ ಸಾಕಲ್ಲ ಅಂದುಕೊಂಡೆ. ಐವತ್ತೈದರಲ್ಲಿ ಕೈ ಅಲುಗಿದ್ದು ಕಾಣಬಾರದೆಂದರೆ ಸೆಕೆಂಡಿನ ಎಂಬತ್ತನೆಯ ಭಾಗದಲ್ಲಾದರೂ ಫೋಟೋ ಮುಗಿಯಬೇಕು. ಆ ಬೆಳಕಿಗೆ ಕ್ಯಾಮೆರಾ ಕೇಳುತ್ತಿದ್ದದ್ದು ಹದಿನೈದನೆಯ ಭಾಗ. ಐಎಸ್‌ಒ ಏರಿಸಿ ಕ್ಯಾಮೆರಾ ಕಮ್ಮಿ ಬೆಳಕಲ್ಲೂ ಬೇಗ ಮುಗಿಸುವಂತೆ ಮಾಡಬಹುದಿತ್ತು. ಆದರೆ ಸಾವಿರದ ಆರುನೂರು ದಾಟಿದರೆ ಫೋಟೋ ರವೆರವೆಯಾಗುತ್ತದೆ, ದಾಟಬೇಡ ಎಂದು ಸ್ಟುಡಿಯೋದಲ್ಲಿ ಕಲಿಸಿದ್ದರು. ಆ ಮಾತಿಗೆ ಜೋತುಬಿದ್ದೆ. ರವೆರವೆಯಾಗಿ ಬಂದ ಮುಖವೂ ಮುಖವೇ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ ನನ್ನ ದರಿದ್ರ ತಲೆಗೆ.

ಒಮ್ಮೆ ಫ್ಲ್ಯಾಶ್ ಹಾಕಿದೆ. ಹಣೆಯ ವಿಭೂತಿ, ಒದ್ದೆ ಕೆನ್ನೆ ಎಲ್ಲ ಬೆಳ್ಳಗೆ ಹೊಡೆದು ಮುಖವೇ ಇಲ್ಲದಂತಾಯಿತು. ಮಗಳು ಬೆಚ್ಚಿಬಿದ್ದಳು. ಪೂಜೆಗೆ ಕೂತಿದ್ದ ಅಯ್ಯನವರು "ಬೆಳಕು ಹೊಡೀಬ್ಯಾಡ್ರಿ ಅಕ್ಕೋರ" ಅಂದರು. ಫ್ಲ್ಯಾಶ್ ಮಡಚಿ ಉಸಿರು ಬಿಗಿಹಿಡಿದು ತೆಗೆಯುತ್ತ ಹೋದೆ. ಲೆನ್ಸಿನಲ್ಲಿ ಕೈನಡುಕ ತಡೆಯುವ ಉಪಾಯವಿದೆ, ಆದರೆ ಅದು ನನ್ನ ಕೈಗೆ ಮಾತ್ರ. ಬಂದ ಹೆಂಗಸರೆಲ್ಲ ಅವಳನ್ನು ತಬ್ಬಿ, ಗಲ್ಲ ಹಿಡಿದು ಅಳುತ್ತಿದ್ದರು. ಪ್ರತಿ ಸಲವೂ ಕೂರಿಸಿದ ದೇಹ ಅಷ್ಟಿಷ್ಟು ತೂಗುತ್ತಿತ್ತು. ಮೊಬೈಲ್ ಒಳಗಿಡಿ ಎಂದು ಗದರಿದ ನನಗೆ "ಎರಡು ನಿಮಿಷ ಯಾರೂ ಮುಟ್ಟಬ್ಯಾಡ್ರಿ" ಎನ್ನಲು ಬಾಯಿ ಬರಲಿಲ್ಲ.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ನೋಡಿದೆ. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ದೊಡ್ಡದು ಮಾಡಿ ನೋಡಬೇಕಾದದ್ದು ಈ ಕೆಲಸದ ಮೊದಲ ಪಾಠ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಕಣ್ಣೆದುರು ಅವಳ ತಾಯಿಯ ಮುಖವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಲು ಮನಸ್ಸು ಒಪ್ಪಲಿಲ್ಲ. "ಬಂದಾವೇನ್ರಿ?" ಎಂದು ಕೇಳಿದಳು. "ಬಂದಾವವ್ವ" ಅಂದೆ. ಮಧ್ಯಾಹ್ನ ವಾಡಿಯಲ್ಲಿ ಒಂದು ಕುಬಸವಿತ್ತು, ಮಣ್ಣು ಮಾಡುವವರೆಗೆ ನಿಲ್ಲದೆ ಹೊರಟೆ. ಅಲ್ಲಿ ಹೊರಗೆ ಚಪ್ಪರದಲ್ಲಿ ಕಾರ್ಯ, ಉದ್ದನೆಯ ಲೆನ್ಸು ಒಂದು ತಪ್ಪನ್ನೂ ಮಾಡಲಿಲ್ಲ.

ಅಂಗಡಿಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಸಂಜೆ ಆರು. ಒಂದೊಂದಾಗಿ ತೆರೆದೆ. ಮೊದಲನೆಯದು ಅಲುಗಿತ್ತು. ಎರಡನೆಯದೂ. ಕೊನೆಯದರವರೆಗೂ ನೋಡಿದೆ. ಮುಚ್ಚಿದ ರೆಪ್ಪೆಯ ಗೆರೆ ಎರಡೆರಡಾಗಿತ್ತು, ತುಟಿ ಕೆನ್ನೆಯೊಳಗೆ ಕಲಸಿಹೋಗಿತ್ತು. ಮಣ್ಣು ಮುಗಿದು ಹೊತ್ತಾಗಿತ್ತು.

ಮರುದಿನ ತೀರಿಕೊಂಡವಳ ತಮ್ಮನಿಗೆ ಫೋನ್ ಮಾಡಿ, ಆಲ್ಬಮ್ಮಿಗೆ ಬೇಕು ಎಂಬ ನೆಪ ಹೇಳಿ, ಯಾರಾದರೂ ಮೊಬೈಲಿನಲ್ಲಿ ಒಂದೆರಡು ತೆಗೆದಿದ್ದಾರಾ ಎಂದು ಕೇಳಿದೆ.

"ಇಲ್ರಿ. ನೀವೇ ಬ್ಯಾಡಂದ್ರಲ್ರಿ."

ಅವರ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ. ನನಗೆ ಮಾತ್ರ ಕಪಾಳಕ್ಕೆ ಬಿಗಿದಂತಾಯಿತು.

ಉಸ್ತಾದರ ಹತ್ತಿರ ಹೋಗಿ ತೋರಿಸಿದೆ. ಅವರು ನೋಡಿ ಲೊಚಗುಟ್ಟಿದರೇ ಹೊರತು ಗಾಬರಿಯಾಗಲಿಲ್ಲ. "ಕಣ್ಣು ತೆರಿಸಿಬಿಡು. ಕಣ್ಣು ಕೂತ್ರ ಮಂದಿ ಉಳಿದದ್ದು ನೋಡಂಗಿಲ್ಲ" ಅಂದರು. ಸತ್ತವರ ಫೋಟೋದಲ್ಲಿ ಕಣ್ಣು ತೆರೆಸುವುದು ನಮ್ಮ ಸ್ಟುಡಿಯೋಗಳಲ್ಲಿ ದಿನನಿತ್ಯದ ಕೆಲಸ. ಬೇರೆ ಯಾರದ್ದೋ ತೆರೆದ ಕಣ್ಣನ್ನು ಕತ್ತರಿಸಿ ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿ ಅಂಚು ಕರಗಿಸುತ್ತೇವೆ. ಅದಕ್ಕೆಂದೇ ಆಲ್ಬಂ ಕೂರಿಸುವ ದಿನಗಳಿಂದ ನಾನು ಕಣ್ಣುಗಳ ಒಂದು ಫೋಲ್ಡರ್ ಇಟ್ಟಿದ್ದೇನೆ. ಆದರೆ ಈ ತಾಯಿಯ ತಲೆ ಸ್ವಲ್ಪ ಬಲಕ್ಕೆ ವಾಲಿತ್ತು, ಬೆಳಕು ಮೇಲಿನಿಂದ ಬಿದ್ದಿತ್ತು. ಫೋಲ್ಡರಿನ ಒಂದು ಜೋಡಿಯೂ ಹೊಂದಲಿಲ್ಲ.

ಕೊನೆಗೆ ನಾನೇ ಕಿಟಕಿಯ ಬಳಿ ಕುರ್ಚಿ ಹಾಕಿ, ತಲೆ ಅಷ್ಟೇ ವಾಲಿಸಿ ಕೂತೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ದೂರ ಇಟ್ಟು, ಲೆನ್ಸನ್ನು ಮುಂದಕ್ಕೆ ಎಳೆದು, ತಾನೇ ತೆಗೆಯುವಂತೆ ಮಾಡಿದೆ. ಆ ಲೆನ್ಸು ಅಂದು ತನ್ನ ಯೋಗ್ಯತೆ ತೋರಿಸಿತು, ಒಂದೊಂದು ರೆಪ್ಪೆಗೂದಲೂ ಎಣಿಸುವ ಹಾಗಿತ್ತು. ಅತ್ತು ಕೆಂಪಾಗಿದ್ದ ಕಣ್ಣಿನ ಕೆಂಪು ತೆಗೆದು, ಅವನ್ನು ಅವಳ ಮುಖದ ಮೇಲೆ ಕೂರಿಸಿದೆ. ತುಟಿಯ ಗೆರೆ ಬರೆದೆ, ಮೂಗಿನ ಅಂಚು ಎಳೆದೆ, ಕೆನ್ನೆ ನಯ ಮಾಡಿದೆ, ಹಣೆಗೆ ವಿಭೂತಿಯ ಮೂರು ಗೆರೆಗಳನ್ನು ಹೊಸದಾಗಿ ಹಾಕಿದೆ, ಬೇರೆ ಫೋಟೋದ ಸೆರಗು ತಂದು ಹೊದಿಸಿದೆ. ತಿದ್ದಿದ ಪದರಗಳನ್ನೆಲ್ಲ ಮತ್ತೆ ಬಿಡಿಸಲಾಗದಂತೆ ಒಂದು ಮಾಡಿ ಮುದ್ರಣಕ್ಕೆ ಉಳಿಸಿಕೊಂಡೆ. ಅಲುಗಿದ ಮೂಲ ಫೋಟೋಗಳನ್ನು ಕಾರ್ಡಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿದೆ. ನನ್ನ ಅಂಗಡಿಗೆ ಬರುವ ಬೇರೆ ಫೋಟೋದವರ ಕಣ್ಣಿಗೆ ಬಿದ್ದರೆ ಮಾನ ಹೋಗುತ್ತದೆಂಬ ಹೆದರಿಕೆ.

ತೀರಿಕೊಂಡವಳ ಹೆಸರಲ್ಲಿ ಮಾಡುವ ಶಿವಗಣಾರಾಧನೆಯ ದಿನ ಚೌಕಟ್ಟು ಹಾಕಿಸಿ ಒಯ್ದು ಕೊಟ್ಟೆ. ನೆಂಟರೆಲ್ಲ "ಎದ್ದು ಮಾತಾಡ್ತಾಳೇನೋ ಅನ್ನಂಗ ಅದ" ಎಂದು ಹೊಗಳಿದರು. ಅವಳ ತಮ್ಮ ನನಗೆ ಕೈ ಮುಗಿದರು. ಮಗಳು ಮಾತ್ರ ಬಹಳ ಹೊತ್ತು ನೋಡುತ್ತ ನಿಂತಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಹೋಳಿಗೆ ಊಟ ಮಾಡಿ ಬಂದೆ.

ಅದಾದ ವಾರವೇ ಉದ್ದನೆಯ ಲೆನ್ಸನ್ನು ಮಾರಿ, ಬಿಟ್ಟುಬಂದಿದ್ದ ಮೂವತ್ತೈದನ್ನೇ ಕೊಂಡೆ. "ಹುಚ್ಚಿ ಇದ್ದೀ" ಎಂದರು ಉಸ್ತಾದರು. ಆ ಪುಟ್ಟ ಲೆನ್ಸಿನಲ್ಲಿ ಆಮೇಲೆ ಎಷ್ಟೋ ಕತ್ತಲೆಯ ಕೋಣೆಗಳಲ್ಲಿ, ಕೂರಿಸಿದ ಎಷ್ಟೋ ಜನರನ್ನು ಚೊಕ್ಕಟವಾಗಿ ತೆಗೆದಿದ್ದೇನೆ. ಐಎಸ್‌ಒ ಎಷ್ಟು ಬೇಕೋ ಅಷ್ಟು ಏರಿಸುತ್ತೇನೆ. ಮೊಬೈಲ್ ಇದ್ದವರಿಗೆಲ್ಲ ಮೊದಲು ನೀವು ತೆಗೆದುಕೊಳ್ಳಿ ಎನ್ನುತ್ತೇನೆ. ಹೊಸಬರು ಯಾರಾದರೂ ಯಾವ ಲೆನ್ಸು ಕೊಳ್ಳಲಿ ಎಂದು ಕೇಳಿದರೆ ಪಟ್ಟಿ ಸುತ್ತಿ ಪರೀಕ್ಷೆ ಮಾಡುವುದನ್ನೂ ಹೇಳಿಕೊಡುತ್ತೇನೆ. ಫ್ಲ್ಯಾಶ್ ಮುಟ್ಟುವ ಪ್ರಸಂಗವೇ ಬಂದಿಲ್ಲ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಟವೆಲ್ಲಿನಲ್ಲಿ ಸುತ್ತಿದ ಚೌಕಟ್ಟು ಹಿಡಿದು ಅಂಗಡಿಗೆ ಬಂದಳು. ಬಿಚ್ಚಿ ಕೌಂಟರಿನ ಮೇಲೆ ಇಟ್ಟಳು.

"ಅಕ್ಕೋರ, ಜರಾ ಕಣ್ಣು ಸರಿ ಮಾಡಿ ಕೊಡ್ರಿ."

"ಯಾಕವ್ವ, ಏನಾಗ್ಯದ?"

"ಮಂದಿ ಎಲ್ಲಾ ಚಂದ ಬಂದದ ಅಂತಾರ್ರಿ. ಆದ್ರ ಅವ್ವ ಹಿಂಗ ನೋಡ್ತಿದ್ದಿಲ್ರಿ. ಏನೋ ತಪ್ಪು ಮಾಡಿ ಸಿಕ್ಕೊಂಡಾಕಿಯಂಗ ನೋಡ್ಲಿಕತ್ತಾಳ. ನಮ್ಮವ್ವ ಸಾಲ್ಯಾಗ ಅಡಗಿ ಮಾಡ್ತಿದ್ಳು, ಹೆಡ್ ಮಾಸ್ತರ ಮುಂದ ಸೈತ ಕಣ್ಣು ತಗ್ಗಿಸಿದಾಕಿ ಅಲ್ರಿ."

ಎಲ್ಲವನ್ನೂ ಹೇಳಿದೆ. ಫೋಟೋ ಅಲುಗಿದ್ದು, ಹೇಳದೆ ಮುಚ್ಚಿಟ್ಟದ್ದು, ಕಣ್ಣು ನನ್ನವೆಂಬುದು. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಳ್ಳಾಡಿದ್ರೂ ನಮ್ಮವ್ವನೇ ಅಲ್ರಿ? ಅದನ್ನೇ ಕೊಡ್ರಿ ನನಗ."

"ಇಲ್ಲವ್ವ. ಅಳಿಸಿಬಿಟ್ಟೀನಿ."

"ಒಂದೂ ಇಲ್ಲೇನ್ರಿ?"

"ಒಂದೂ ಇಲ್ಲ."

ಅವಳು ಚೌಕಟ್ಟನ್ನು ನನ್ನ ಕಡೆ ತಿರುಗಿಸಿದಳು. "ಹಂಗಾದ್ರ ಇದರಾಗ ನಮ್ಮವ್ವಂದು ಏನೇನದ, ಬಟ್ಟು ಇಟ್ಟು ತೋರಿಸ್ರಿ."

ಬೆರಳು ಹಣೆಯ ಮೇಲೆ ಇಟ್ಟೆ, ಅದು ನಾನು ಬಳಿದದ್ದು. ಕಣ್ಣು ದಾಟಿದೆ. ಮೂಗು, ತುಟಿ ನಾನು ಬರೆದದ್ದು. ಕೆನ್ನೆಯ ಗೆರೆಗಳನ್ನು ನಾನೇ ಒರೆಸಿ ಹಾಕಿದ್ದೆ. ಸೆರಗು ಬೇರೆ ಯಾರದೋ ಫೋಟೋದ್ದು. ಬೆರಳು ಮುಖವೆಲ್ಲ ಅಲೆದು ಕೊನೆಗೆ ಎಡಗಿವಿಯ ಮೇಲೆ ನಿಂತಿತು. "ಈ ಕಿವಿಗಿ ನಾ ಕೈ ಹಚ್ಚಿಲ್ಲವ್ವ" ಅಂದೆ.

ಹುಡುಗಿ ಎರಡೂ ಅಂಗೈಯಿಂದ ಉಳಿದ ಮುಖವನ್ನು ಮುಚ್ಚಿ ಕಿವಿಯನ್ನಷ್ಟೇ ನೋಡಿದಳು. ಬಗ್ಗಿ ಹತ್ತಿರದಿಂದ ನೋಡಿದಳು.

"ಹೌದ್ರಿ. ಓಲಿ ತೂತು ಹರದದ್ದು ಕಾಣ್ತದ. ನಾ ಕೂಸಿದ್ದಾಗ ಜಗ್ಗಿ ಹರದೀನಂತ, ಹೇಳಿ ಹೇಳಿ ನಗ್ತಿದ್ಳು." ಕಣ್ಣೊರೆಸಿಕೊಂಡಳು. "ಇಷ್ಟೇ ದೊಡ್ಡದು ಮಾಡಿ ಕೊಡ್ರಿ."

ಕಿವಿಯನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ಮುದ್ರಿಸಿ ಕೊಟ್ಟೆ. ಮಸುಕಾಗಿತ್ತು, ಕಿವಿಯ ಅಂಚು ಎರಡಾಗಿ ಕಾಣುತ್ತಿತ್ತು. ತಿದ್ದಲೇ ಎಂದು ಕೇಳಲಿಲ್ಲ. ಅವಳು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದಳು. ಚೌಕಟ್ಟು ಕೌಂಟರಿನ ಮೇಲೆಯೇ ಇತ್ತು. ಮರೆತಳೇನೋ ಎಂದು ಕೈಗೆತ್ತಿಕೊಂಡು ಅವಳ ಕಡೆ ಚಾಚಿದೆ.

"ಅದು ನಿಮ್ದ್ರಿ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.